ದೊಡ್ಡಮ್ಮನ್ನ ನೋಡ್ಕೊಳ್ಳೋಕೆ ಯಾವ ಏಜೆನ್ಸಿ

ಶ್ರೀಧರ, ಬೆಳಗ್ಗೆ ನೀನು ಹಾಕಿದ ಮೆಸೇಜ್ ಈಗ ನೋಡ್ದೆ ಕಣೋ. ಟೈಪ್ ಮಾಡ್ತಾ ಕೂತ್ರೆ ರಾತ್ರಿಯಾಗತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗತ್ತೆ, ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಾಗ ಕೇಳು. ದೊಡ್ಡಮ್ಮಂಗೆ ಸೊಂಟದ ಮೂಳೆ ಆಪರೇಷನ್ ಆಗಿದೆ, ಶುಕ್ರವಾರ ಡಿಸ್ಚಾರ್ಜ್, ಗಿರಿನಗರದ ಮನೇಲಿ ಅವರೊಬ್ರೇ, ನೀನು ಒಂದು ವಾರ ಇದ್ದು ವಾಪಸ್ ಪುಣೆಗೆ ಹೋಗ್ಬೇಕು, ನೆಟ್ಟಲ್ಲಿ ಮೂರು ಏಜೆನ್ಸಿ ಸಿಕ್ಕಿವೆ, ಯಾವುದನ್ನ ಹಿಡೀಲಿ ಅಂತ ತಾನೆ ಕೇಳಿದ್ದು? ದೊಡ್ಡಮ್ಮನೂ ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ತಾರೆ ಅಂತ ಗೊತ್ತು. ಕೇಳಿಸ್ಕೊಳ್ಲಿ. ಅವರ ವಿಷಯ ಅವರ ಬೆನ್ನ ಹಿಂದೆ ಯಾಕೆ ತೀರ್ಮಾನ ಮಾಡ್ಬೇಕು?

ಮೂರರಲ್ಲಿ ಯಾವುದು ಅನ್ನೋದು ಆಮೇಲೆ. ನಾಳೆ ರೌಂಡ್ಸ್‌ಗೆ ಮೂಳೆ ಡಾಕ್ಟ್ರು ಬಂದಾಗ, ವ್ಯಾಯಾಮ ಮಾಡಿಸೋ ಫಿಸಿಯೋನೂ ಜೊತೇಲಿದ್ರೆ ಇನ್ನೂ ಒಳ್ಳೇದು, ಕೂತ್ಕೊಂಡು ಬರೆಸ್ಕೊ. ಆ ಕಾಲಿನ ಮೇಲೆ ಎಷ್ಟು ಭಾರ ಊರಬಹುದು, ವಾಕರ್ ಎಷ್ಟು ದಿನ, ಹೊಲಿಗೆ ಯಾವತ್ತು ತೆಗೀತಾರೆ, ಮೆಟ್ಟಿಲು ಯಾವಾಗ. ನೆಲದ ಮೇಲೆ ಕೂರೋ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ, ಇಂಡಿಯನ್ ಟಾಯ್ಲೆಟ್ ಅಂತೂ ಬೇಡವೇ ಬೇಡ ಅಂತ ಹೇಳ್ತಾರೆ. ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಬರೆದಿದ್ರೆ ಅದನ್ನ ಯಾರು ಚುಚ್ಚೋದು, ಎಷ್ಟು ದಿನ? ಇದೆಲ್ಲ ಕೈಲಿದ್ದಾಗ ಮಾತ್ರ ಏಜೆನ್ಸಿಗೆ ಫೋನ್ ಮಾಡು. ಇಲ್ದಿದ್ರೆ ಅವರು ಹೇಳಿದ್ದೇ ನಿನಗೆ ಬೇಕಾದ್ದು ಅಂತ ಆಗೋಗತ್ತೆ.

ಯಾಕೆ ಅಂದ್ರೆ ಫೋನ್ ಎತ್ತಿದ ತಕ್ಷಣ ಅವರು ಕೇಳೋದೇ "ನರ್ಸ್ ಬೇಕಾ ಅಟೆಂಡರ್ ಬೇಕಾ" ಅಂತ. ನಾವು ಭಯಕ್ಕೆ ನರ್ಸ್ ಅಂದ್ಬಿಡ್ತೀವಿ, ದುಡ್ಡು ಹೆಚ್ಚೂಕಡಿಮೆ ಎರಡರಷ್ಟಾಗತ್ತೆ. ನರ್ಸ್ ಅಂದ್ರೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ, ಮೂರು ವರ್ಷ ಓದಿರ್ತಾರೆ, ಇಲ್ಲಾ ಬಿಎಸ್ಸಿ ನರ್ಸಿಂಗು. ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ನಂಬರ್ ಇರತ್ತೆ, ಕೇಳಿದ್ರೆ ಕೊಡ್ಬೇಕು. ಮೂಗಲ್ಲಿ ಟ್ಯೂಬು, ಮೂತ್ರಕ್ಕೆ ಹಾಕೋ ಕ್ಯಾತಿಟರ್, ಗಂಟಲಿಂದ ಕಫ ಎಳೆಯೋದು, ಆಳದ ಗಾಯ, ಇಂಥದ್ದಕ್ಕೆ ಅವರೇ ಬೇಕು. ಅಟೆಂಡರ್ ಅಂದ್ರೆ ಜಿಡಿಎ ಅನ್ನೋ ಸಣ್ಣ ಕೋರ್ಸ್ ಮಾಡಿರ್ತಾರೆ, ಎಷ್ಟೋ ಜನ ಅದೂ ಮಾಡಿರಲ್ಲ, ಕೆಲಸ ಮಾಡ್ತಾ ಮಾಡ್ತಾ ಕಲಿತಿರ್ತಾರೆ. ಬಿಳಿ ಕೋಟು ಹಾಕ್ಕೊಂಡು ಬಂದ ಮಾತ್ರಕ್ಕೆ ನರ್ಸಲ್ಲ. ದೊಡ್ಡಮ್ಮಂಗೆ ಈಗ ಬೇಕಿರೋದು ಎಬ್ಬಿಸಿ ಕೂರಿಸಿ ವಾಕರ್ ಹಿಡಿಸಿ ಬಾತ್‌ರೂಮಿಗೆ ಕರ್ಕೊಂಡ್ಹೋಗೋ, ಸ್ನಾನ ಮಾಡಿಸೋ, ಮಾತ್ರೆ ನೆನಪಿಸೋ ಗಟ್ಟಿ ಹೆಂಗಸು. ಡ್ರೆಸ್ಸಿಂಗು, ಇಂಜೆಕ್ಷನ್‌ಗೆ ನರ್ಸ್ ಬಂದು ಅರ್ಧ ಗಂಟೆ ಇದ್ದು ಹೋದ್ರೆ ಸಾಕು, ವಿಸಿಟ್ ಲೆಕ್ಕದಲ್ಲಿ ಬರ್ತಾರೆ. ಫಿಸಿಯೋ ಬೇರೆ. ಈ ಆಪರೇಷನ್ ಆದ್ಮೇಲೆ ಮತ್ತೆ ಓಡಾಡೋ ಹಾಗೆ ಮಾಡೋದು ಫಿಸಿಯೋನೇ, ಅಲ್ಲಿ ಮಾತ್ರ ದುಡ್ಡು ಉಳಿಸ್ಬೇಡ.

ಇನ್ನು 24 ಗಂಟೆ ಅಂತಾರಲ್ಲ, ಅದನ್ನ ಸರಿಯಾಗಿ ಅರ್ಥ ಮಾಡ್ಕೊ. ಮನೇಲೇ ಇರೋ ಅಟೆಂಡರ್ 24 ಗಂಟೆ ಎಚ್ಚರ ಇರಲ್ಲ, ಇರೋಕೂ ಆಗಲ್ಲ. ರಾತ್ರಿ ಒಂದ್ಸಲ ಎರಡ್ಸಲ ಎದ್ದು ಕರ್ಕೊಂಡ್ಹೋಗ್ತಾರೆ, ಸರಿ. ದೊಡ್ಡಮ್ಮ ಗಂಟೆಗೊಂದ್ಸಲ ಏಳೋ ಹಾಗಿದ್ರೆ ಅದು ಒಬ್ಬರ ಕೈಲಾಗೋ ಕೆಲಸ ಅಲ್ಲ, 12 ಗಂಟೆಯ ಎರಡು ಶಿಫ್ಟ್ ಮಾಡ್ಬೇಕು, ಖರ್ಚೂ ಹಾಗೇ ಏರತ್ತೆ. ನಮ್ಮತ್ತೆಗೆ ಇಟ್ಟಾಗ ಮನೇಲೇ ಇರೋ ಅಟೆಂಡರ್‌ಗೆ ತಿಂಗಳಿಗೆ 27,000 ಕೊಡ್ತಿದ್ವಿ, ಊಟ ತಿಂಡಿ ನಮ್ಮದೇ. ಈಗ ಜಾಸ್ತಿ ಆಗಿರತ್ತೆ, ಮೂರೂ ಕಡೆ ಕೇಳು. ಆಪರೇಷನ್ ಖರ್ಚು ಕೊಟ್ಟ ಇನ್ಶೂರೆನ್ಸ್ ಈ ಸಂಬಳ ಕೊಡತ್ತೆ ಅಂತ ಲೆಕ್ಕ ಹಾಕ್ಬೇಡ, ಅಟೆಂಡರ್ ಖರ್ಚನ್ನ ಸಾಮಾನ್ಯವಾಗಿ ಸೇರಿಸಲ್ಲ.

ಚಿಕ್ಕಪ್ಪ, ನೀವು ತಿಪಟೂರು ಕಡೆಯಿಂದ ಯಾರಾದ್ರೂ ಹುಡುಗೀನ ಕರೆಸೋಣ, ಏಜೆನ್ಸಿಗೆ ಯಾಕೆ ಸುರೀಬೇಕು ಅಂದ್ರಲ್ಲ. ನೀವು ಹೇಳೋದ್ರಲ್ಲಿ ತಪ್ಪಿಲ್ಲ, ಗೊತ್ತಿರೋರ ಮನೆಯವರು ಅಂದ್ರೆ ಒಂದು ಧೈರ್ಯ. ಆದ್ರೆ ಆ ಹುಡುಗಿಗೆ ಜ್ವರ ಬಂದ ದಿನ, ಊರ ಹಬ್ಬಕ್ಕೆ ಹೋದ ದಿನ ದೊಡ್ಡಮ್ಮನ್ನ ಬಾತ್‌ರೂಮಿಗೆ ಕರ್ಕೊಂಡ್ಹೋಗೋರು ಯಾರು? ಶ್ರೀಧರ ಪುಣೇಲಿ, ನೀವು ಮೈಸೂರಲ್ಲಿ, ನಾನು ಆಫೀಸಲ್ಲಿ. ಏಜೆನ್ಸಿಗೆ ನಾವು ಕೊಡೋ ದುಡ್ಡು ಆಕೆ ಬಂದ ದಿನಕ್ಕಲ್ಲ, ಬರದ ದಿನಕ್ಕೆ. ಆ ದಿನ ಬೇರೆಯವರನ್ನ ಕಳಿಸೋ ತಾಕತ್ತು ಇಲ್ದಿದ್ರೆ ಅದು ಏಜೆನ್ಸಿ ಅಲ್ಲ, ಬರೀ ಒಂದು ಫೋನ್ ನಂಬರು.

ಅದಕ್ಕೇ ಶ್ರೀಧರ, ಮೂರೂ ಜನಕ್ಕೆ ಮೊದಲು ಇದನ್ನೇ ಕೇಳು: ಬೆಳಗ್ಗೆ ಏಳಕ್ಕೆ ನಿಮ್ಮ ಹುಡುಗಿ ಬರಲ್ಲ ಅಂತ ಗೊತ್ತಾದ್ರೆ ಬೇರೆಯವರು ಎಷ್ಟೊತ್ತಿಗೆ ಬರ್ತಾರೆ? "ನೋಡೋಣ ಸರ್, ಅಡ್ಜಸ್ಟ್ ಮಾಡ್ತೀವಿ" ಅಂದ್ರೆ ಅಲ್ಲಿಗೆ ಬಿಡು. ಜನ ಅವರ ಹತ್ರವೇ ಇದಾರಾ, ಎಲ್ಲಿ ಉಳ್ಕೊಂಡಿದಾರೆ ಅಂತಲೂ ಕೇಳು. ಎಷ್ಟೋ ಕಡೆ ನಮ್ಮ ಹತ್ರ ಆರ್ಡರ್ ತಗೊಂಡು, ಆಮೇಲೆ ಇನ್ನೊಬ್ಬ ಬ್ರೋಕರ್‌ಗೆ ಫೋನ್ ಮಾಡಿ ಜನ ಹುಡುಕ್ತಾರೆ. ಬನಶಂಕರಿ ಕಡೆ ಹಾಸ್ಟೆಲ್ ಇಟ್ಟಿರೋ ಸಣ್ಣ ಏಜೆನ್ಸಿ, ವೈಟ್‌ಫೀಲ್ಡಲ್ಲಿ ದೊಡ್ಡ ಆಫೀಸಿರೋದಕ್ಕಿಂತ ಗಿರಿನಗರಕ್ಕೆ ವಾಸಿ. ಹಬ್ಬದ ಲೆಕ್ಕವನ್ನೂ ಕೇಳು. ಅಸ್ಸಾಂ ಕಡೆಯವರಾದ್ರೆ ಏಪ್ರಿಲ್ ಮಧ್ಯದಲ್ಲಿ ಬಿಹು, ರೈಲಲ್ಲಿ ಹೋಗಿ ಬರೋಕೇ ಒಂದು ವಾರ ಬೇಕು, ಹೋದೋರು ತಿಂಗಳು ಬಿಟ್ಟು ಬರ್ತಾರೆ. ಹೋಗ್ಬೇಡಿ ಅನ್ನೋಕಾಗತ್ತಾ, ಅವರಿಗೂ ಮನೆ ಇದೆ. ಮುಂಚೇನೇ ಗೊತ್ತಿರ್ಬೇಕು ಅಷ್ಟೇ.

ನಮ್ಮತ್ತೆ ಕಾಲಕ್ಕೆ ಒಂದು ಏಜೆನ್ಸಿ ಹೆಂಗಾಡ್ತು ಗೊತ್ತಾ? ಹೆಸರು ಬೇಡ. ತಿಂಗಳ ದುಡ್ಡು, ಡೆಪಾಸಿಟ್ಟು ಎರಡೂ ಮೊದಲೇ ತಗೊಂಡ್ರು. ನಡುವೆ ಅತ್ತೇನ ಆಸ್ಪತ್ರೆಗೆ ಸೇರಿಸ್ಬೇಕಾಯ್ತು, ಅಟೆಂಡರ್ ವಾಪಸ್ ಹೋದ್ಳು, ಆ ದಿನಗಳ ದುಡ್ಡು ಮಾತ್ರ ವಾಪಸ್ ಬರ್ಲಿಲ್ಲ. ಕೇಳಿದ್ರೆ ಫಾರ್ಮಲ್ಲಿ ಬರೆದಿದೆ ಅಂತಾರೆ. ಹಾಗಾಗಿ ಸಹಿ ಹಾಕೋ ಮುಂಚೆ ಆ ಸಣ್ಣಕ್ಷರ ಓದು. ಆಸ್ಪತ್ರೆಗೆ ಸೇರಿಸಿದ್ರೆ ಹೇಗೆ, ನಾವೇ ಬೇಡ ಅಂದ್ರೆ ಎಷ್ಟು ದಿನದ ನೋಟಿಸ್, ಡೆಪಾಸಿಟ್ ಯಾವಾಗ ಬರತ್ತೆ. ಅವರ ಜನಾನ ನಾವೇ ನೇರವಾಗಿ ಇಟ್ಕೊಂಡ್ರೆ ದಂಡ ಅಂತಲೂ ಒಂದು ಸಾಲು ಇರತ್ತೆ. ತಿಂಗಳ ಬದಲು ಹದಿನೈದು ದಿನಕ್ಕೊಂದ್ಸಲ ಕೊಡ್ತೀವಿ ಅನ್ನು, ನಗದು ಬೇಡ, ಬ್ಯಾಂಕಿಂದ ಕಳಿಸಿ ರಸೀದಿ ತಗೊ.

ಆಮೇಲೆ ಬೇರೆ ಯಾರೂ ಕೇಳದ ಒಂದು ಪ್ರಶ್ನೆ: ನಾವು ಕೊಡೋದ್ರಲ್ಲಿ ಆ ಹೆಂಗಸಿನ ಕೈಗೆ ಎಷ್ಟು ಹೋಗತ್ತೆ? ಏಜೆನ್ಸಿಯವರು ಮುಖ ಗಂಟಿಕ್ತಾರೆ, ಪರ್ವಾಗಿಲ್ಲ. ಅರ್ಧಕ್ಕಿಂತ ಕಡಿಮೆ ಸಿಗ್ತಿದ್ರೆ ಆಕೆ ಎರಡೇ ತಿಂಗಳಿಗೆ ಬೇರೆ ಕಡೆ ಹೋಗ್ತಾಳೆ, ದೊಡ್ಡಮ್ಮ ಮತ್ತೆ ಹೊಸಬರಿಗೆ ಮೊದಲಿಂದ ಎಲ್ಲ ಹೇಳ್ಕೊಡ್ಬೇಕು.

ಬರೋರ ಆಧಾರ್, ಫೋಟೋ ತಗೊಂಡು ಮೊದಲೇ ವಿಡಿಯೋ ಕಾಲಲ್ಲಿ ದೊಡ್ಡಮ್ಮನ ಜೊತೆ ಮಾತಾಡಿಸು. ಹಿಂದೆ ಕೆಲಸ ಮಾಡಿದ ಮನೆಯವರ ನಂಬರ್ ಕೇಳಿ ನೀನೇ ಫೋನ್ ಮಾಡು. ಪೊಲೀಸ್ ವೆರಿಫಿಕೇಶನ್ ಆಗಿದೆ ಅಂದ್ರೆ ಕಾಗದ ತೋರಿಸಿ ಅನ್ನು, ಬರೀ ಬಾಯಿಮಾತು ಬೇಡ. ಆಗಿಲ್ದಿದ್ರೆ ರಾಜ್ಯ ಸರ್ಕಾರದ ಸೇವಾಸಿಂಧು ವೆಬ್‌ಸೈಟಲ್ಲಿ ಅರ್ಜಿ ಹಾಕಬಹುದು. ಮುಖ್ಯವಾಗಿ, ಕನ್ನಡ ಬರತ್ತಾ? ದೊಡ್ಡಮ್ಮಂಗೆ ಕಿವಿ ಮಂದ, ಹಿಂದಿ ಬರಲ್ಲ. ರಾತ್ರಿ ಎರಡು ಗಂಟೆಗೆ "ಕಾಲು ಜೋಮು ಹಿಡಿದಿದೆ" ಅಂದ್ರೆ ಆಕೆಗೆ ಅರ್ಥ ಆಗ್ಬೇಕಲ್ಲ. ರಾಯಚೂರು, ಕಲಬುರಗಿ ಕಡೆಯವರು ಈ ಕೆಲಸಕ್ಕೆ ಬರ್ತಾರೆ, ಸಿಗ್ತಾರಾ ಕೇಳು. ಹಿಂದಿ ಮಾತ್ರ ಬರೋ ಒಳ್ಳೆ ಹುಡುಗಿ ಸಿಕ್ರೆ ಬೇಡ ಅನ್ಬೇಡ, ಆದ್ರೆ ಮೊದಲ ವಾರ ನೀನು ಜೊತೇಲಿರ್ಬೇಕು.

ನೆಟ್ಟಲ್ಲಿರೋ ಐದು ಸ್ಟಾರ್ ನಂಬ್ಬೇಡ, ಅದೆಲ್ಲ ಮೊದಲ ವಾರ ಬರೆದದ್ದು. ಡಿಸ್ಚಾರ್ಜ್ ಕೌಂಟರಲ್ಲಿ ಕೊಡೋ ಕಾರ್ಡನ್ನೂ ಶಿಫಾರಸು ಅಂತ ತಿಳ್ಕೋಬೇಡ. ನಿಮ್ಮ ರಸ್ತೆ ಕೊನೇಲಿ ಮೆಡಿಕಲ್ ಶಾಪ್ ಇದೆಯಲ್ಲ, ಅಲ್ಲಿ ಕೇಳು. ದೊಡ್ಡವರ ಡೈಪರ್ ಯಾರ ಮನೆಗೆ ಹೋಗತ್ತೆ, ಯಾವ ಮನೇಲಿ ಯಾವ ಏಜೆನ್ಸಿಯವರಿದಾರೆ, ಯಾರು ಉಳಿದ್ರು ಯಾರು ಬಿಟ್ಟು ಹೋದ್ರು, ಅವರಿಗೆಲ್ಲ ಗೊತ್ತಿರತ್ತೆ. ಅದೇ ಬೀದಿಯ ಇಬ್ಬರು ಮೂವರ ಹತ್ರ ಮಾತಾಡಿದ್ರೆ ಗೂಗಲ್‌ಗಿಂತ ಹೆಚ್ಚು ಸಿಗತ್ತೆ.

ಈಗ ದೊಡ್ಡಮ್ಮ, ಇದು ನಿಮಗೆ. ಬೈಕೋಬೇಡಿ. ಬರೋಳಿಗೆ ಬೇರೆ ತಟ್ಟೆ ಬೇರೆ ಲೋಟ ಅಂತ ಮಾಡ್ಬೇಡಿ. ನಿಮ್ಮನ್ನ ಮುಟ್ಟಿ ಸ್ನಾನ ಮಾಡಿಸೋಳು ನಿಮ್ಮ ಲೋಟ ಮುಟ್ಟಿದ್ರೆ ಏನಾಗತ್ತೆ? ದೇವರ ಮನೆ, ಅಡುಗೆ ಮನೆ ಮಡಿ ನಿಮ್ಮಿಷ್ಟ, ಅದನ್ನ ಮೊದಲ ದಿನವೇ ಆಕೆಗೆ ಹೇಳ್ಬಿಡಿ. ಮಲಗೋಕೆ ಮಂಚವೋ ಹಾಸಿಗೆಯೋ, ಬ್ಯಾಗ್ ಇಡೋಕೆ ಒಂದು ಕಪಾಟು, ಫೋನ್ ಚಾರ್ಜ್‌ಗೆ ಒಂದು ಜಾಗ ಕೊಡಿ. ಮಧ್ಯಾಹ್ನ ನೀವು ಮಲಗಿದಾಗ ಆಕೇನೂ ಮಲಗ್ಲಿ. ನಿಮ್ಮ ಬಟ್ಟೆ, ನಿಮ್ಮ ರೂಮು ಆಕೆ ಕೆಲಸ. ಇಡೀ ಮನೆ ಪಾತ್ರೆ, ಬಂದ ನೆಂಟರಿಗೆ ಕಾಫಿ ಆಕೆ ಕೆಲಸ ಅಲ್ಲ. ಅದಕ್ಕೆ ಈಗಿರೋ ಮನೆಕೆಲಸದವರೇ ಮುಂದುವರೀಲಿ. ಬಳೆ, ಸರ, ಬೀರುವಿನ ನಗದು ಶ್ರೀಧರ ಇರುವಾಗಲೇ ಲಾಕರಿಗೆ ಹೋಗ್ಲಿ. ಆಕೆ ಕದೀತಾಳೆ ಅಂತಲ್ಲ. ನೀವೇ ಎಲ್ಲೋ ಇಟ್ಟು ಮರೆತ್ರೆ ಮೊದಲು ಆಕೆ ಮೇಲೇ ಅನುಮಾನ ಬರೋದು.

ಶ್ರೀಧರ, ಕ್ಯಾಮೆರಾ ಹಾಕ್ಸು ಅಂತ ಯಾರೋ ಬರೆದಿದ್ರು. ಹಾಲ್‌ನಲ್ಲಿ ಹಾಕು, ದೊಡ್ಡಮ್ಮಂಗೂ ಆ ಅಟೆಂಡರ್‌ಗೂ ಹೇಳಿ ಹಾಕು. ಬಟ್ಟೆ ಬದಲಿಸೋ ರೂಮಲ್ಲಿ ಬೇಡ. ಕ್ಯಾಮೆರಾಗಿಂತ ಒಂದು ನೋಟ್‌ಬುಕ್ ಇಡ್ಸು. ಮಾತ್ರೆ ಎಷ್ಟೊತ್ತಿಗೆ, ಬಿಪಿ ಎಷ್ಟು, ಊಟ ಏನು, ಮೋಷನ್ ಆಯ್ತಾ, ಎಷ್ಟು ದೂರ ನಡೆದ್ರು. ರಾತ್ರಿ ಆ ಪುಟದ ಫೋಟೋ ನಿನಗೆ ಬರ್ಲಿ. ಒಂದೇ ಕಾಲು ಊದ್ಕೊಂಡು ನೋವು ಬಂದ್ರೆ, ಉಸಿರು ಕಟ್ಟಿದ ಹಾಗಾದ್ರೆ ಏಜೆನ್ಸಿಗಲ್ಲ, ಮೊದಲು ಆಸ್ಪತ್ರೆಗೆ ಫೋನ್ ಅಂತ ಅದೇ ಪುಸ್ತಕದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡು. ಅಲ್ಲೇ ಇನ್ನೆರಡು ನಂಬರ್ ಹಾಕು. 1090, ಬೆಂಗಳೂರು ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆ 2002ರಿಂದ ನಡೆಸ್ತಿರೋ ಹಿರಿಯರ ಸಹಾಯವಾಣಿ. ಇನ್ನೊಂದು 14567, ಕೇಂದ್ರ ಸರ್ಕಾರದ್ದು, ಬೆಳಗ್ಗೆ 8ರಿಂದ ರಾತ್ರಿ 8ರ ತನಕ. ಯಾರಾದ್ರೂ ಗದರಿಸಿದ್ರೆ, ದುಡ್ಡಿಗೆ ಪೀಡಿಸಿದ್ರೆ ದೊಡ್ಡಮ್ಮ ತಾವೇ ಫೋನ್ ಮಾಡಬಹುದು.

ಸುಮಾ, ನಿಮ್ಮ ಮಾವನೋರಿಗೂ ಏಜೆನ್ಸಿ ಬೇಕು ಅಂದ್ಯಲ್ಲ, ಅವರ ವಿಷಯ ಬೇರೆ ಕಣೇ. ಕ್ಯಾನ್ಸರ್ ಈ ಹಂತಕ್ಕೆ ಬಂದಿದೆ ಅಂದ್ರೆ ಏಜೆನ್ಸಿ ಹುಡುಕೋ ಮುಂಚೆ, ಕೊನೆ ಹಂತದ ಕ್ಯಾನ್ಸರ್‌ನವರನ್ನ ನೋಡ್ಕೊಳ್ಳೋ ಬೆಂಗಳೂರಿನ ಸಂಸ್ಥೆ ಕರುಣಾಶ್ರಯದವರನ್ನ ಕೇಳು. ಅವರ ತಂಡ ಮನೆಗೇ ಬಂದು ನೋವಿಗೆ ಔಷಧಿ ನೋಡ್ಕೊಳ್ಳತ್ತೆ, ದುಡ್ಡು ತಗೊಳ್ಳಲ್ಲ.

ಕೊನೇದಾಗಿ, ಒಂದು ಏಜೆನ್ಸಿ ಗೊತ್ತು ಮಾಡಿದ್ಮೇಲೆ ಅವರ ಜೊತೆ ಮಾತಾಡೋರು ಒಬ್ರೇ ಇರ್ಲಿ. ನೀನು ಪುಣೆಯಿಂದ ಒಂದು, ಚಿಕ್ಕಪ್ಪ ಮೈಸೂರಿಂದ ಇನ್ನೊಂದು ಹೇಳಿದ್ರೆ ಅವರಿಗೆ ಅದೇ ಬೇಕು. ದುಡ್ಡು ನೀನು ಕಳಿಸು, ಮಾತು ನಾನಾಡ್ತೀನಿ, ಶನಿವಾರ ಶನಿವಾರ ಹೋಗಿ ನೋಡ್ಕೊಂಡೂ ಬರ್ತೀನಿ. ಡಾಕ್ಟ್ರು ಬರೆದುಕೊಟ್ಟಿದ್ದರ ಫೋಟೋ, ಆ ಮೂರು ಏಜೆನ್ಸಿ ನಂಬರು ನಾಳೆ ಸಂಜೆಯೊಳಗೆ ನನಗೆ ಹಾಕು. ಮತ್ತೆ ಕಮೋಡ್ ಚೇರು, ವಾಕರ್ರು ಕೊಂಡ್ಕೋಬೇಡ. ಅತ್ತೆದು ಎರಡೂ ನಮ್ಮ ಅಟ್ಟದ ಮೇಲಿವೆ. ವಾಕರ್ ಕೆಳಗಿನ ರಬ್ಬರ್ ಬುಷ್ ಸವೆದಿದೆ, ಅದನ್ನ ಮಾತ್ರ ಹೊಸದು ಹಾಕಿಸ್ಬೇಕು. ಗುರುವಾರ ಕಾರ್ ತಗೊಂಡು ಬಾ.