ಪೆನಿಸಿಲಿನ್ ಸುಮ್ನೆ ಸಿಕ್ಕಿತಾ?

ಗದಗ ಮಾಸ್ತರ್: ಮೊನ್ನೆ ಎಂಟನೇ ತರಗತಿಗೆ ಪೆನಿಸಿಲಿನ್ ಕಥೆ ಹೇಳಿದೆ. 1928ರಲ್ಲಿ ಲಂಡನ್ನಿನ ವಿಜ್ಞಾನಿ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಇರಲಿಲ್ಲ. ಬೂಷ್ಟಿನಿಂದ ಒಸರಿದ ಪೆನಿಸಿಲಿನ್ ಅವನ್ನು ಕೊಂದಿತ್ತು. ಒಬ್ಬ ಹುಡುಗ ಎದ್ದು, "ಹಂಗಾರ ಸುಮ್ನ ಸಿಕ್ಕಿದ್ದಲ್ರಿ ಸರ್?" ಅಂದ. ಇಡೀ ಕ್ಲಾಸು ತಲೆ ಆಡಿಸಿತು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನೀವಾದರೆ ಏನು ಹೇಳುತ್ತಿದ್ದಿರಿ?

ಹುಬ್ಬಳ್ಳಿ ಔಷಧ ಅಂಗಡಿ: ಹುಡುಗ ಹೇಳಿದ್ದು ಸರಿ ಇದೆ ಸರ್. 1839ರಲ್ಲಿ ಅಮೆರಿಕದ ಗುಡ್‌ಇಯರ್ ಕೈಯಿಂದ ಗಂಧಕ ಬೆರೆಸಿದ ರಬ್ಬರ್ ಬಿಸಿ ಒಲೆಗೆ ತಾಗಿತು, ಗಟ್ಟಿ ರಬ್ಬರ್ ಬಂತು. 1945ರಲ್ಲಿ ಅಮೆರಿಕದ ಎಂಜಿನಿಯರ್ ಸ್ಪೆನ್ಸರ್ ಜೇಬಿನಲ್ಲಿದ್ದ ಮಿಠಾಯಿ ರಾಡಾರ್ ಯಂತ್ರದ ಹತ್ತಿರ ಕರಗಿತು, ಮೈಕ್ರೋವೇವ್ ಒಲೆ ಬಂತು. ಇವನ್ನು ಯಾರೂ ಹುಡುಕಲು ಹೊರಟಿರಲಿಲ್ಲ. ಇದನ್ನು ಮಕ್ಕಳಿಗೆ ಹೇಳಲು ಹಿಂಜರಿಕೆ ಯಾಕೆ?

ಧಾರವಾಡ ಲ್ಯಾಬ್: ಗುಡ್‌ಇಯರ್ ಹುಡುಕುತ್ತಿದ್ದದ್ದು ಅದನ್ನೇ ಅಣ್ಣಾ. ವರ್ಷಗಟ್ಟಲೆ ರಬ್ಬರಿನ ಹಿಂದೆ ಬಿದ್ದು ಸಾಲ ಮಾಡಿಕೊಂಡು ಜೈಲಿಗೂ ಹೋಗಿದ್ದ.

ಪೆನಿಸಿಲಿನ್ನಿನದು ಇನ್ನೂ ದೊಡ್ಡ ಕಥೆ. ಫ್ಲೆಮಿಂಗ್‌ಗೆ ಅದನ್ನು ಶುದ್ಧ ಮಾಡಿ ಮದ್ದಾಗಿಸಲು ಆಗಲಿಲ್ಲ. ಅದು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಅವರ ಕೆಲಸ. ಯುದ್ಧದ ಕಾಲ, ಪಾತ್ರೆಗಳಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರಕ್ಕೆ ಇಡುವ ಬೆಡ್‌ಪ್ಯಾನುಗಳಲ್ಲೇ ಬೂಷ್ಟು ಬೆಳೆಸಿದರು. 1940ರಲ್ಲಿ 8 ಇಲಿಗಳಿಗೆ ಸೋಂಕು ಹತ್ತಿಸಿ 4ಕ್ಕೆ ಮಾತ್ರ ಮದ್ದು ಕೊಟ್ಟರು. ಮದ್ದು ಸಿಗದ ನಾಲ್ಕೂ ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಮುಂದಿನ ವರ್ಷ ಒಬ್ಬ ಪೊಲೀಸ್ ಪೇದೆಗೆ ಕೊಟ್ಟರು. ಜ್ವರ ಇಳಿಯಿತು, ಊಟ ಸೇರಿತು. ಆಮೇಲೆ ಮದ್ದು ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ ವಾಪಸ್ ತೆಗೆದು ಮತ್ತೆ ಚುಚ್ಚಿದರು. ಅದೂ ಸಾಲಲಿಲ್ಲ, ಪೇದೆ ತೀರಿಕೊಂಡ. ಇಷ್ಟೆಲ್ಲ ಆದ ಮೇಲೆ "ಸುಮ್ನೆ ಸಿಕ್ಕಿತು" ಅಂದರೆ ನನಗೆ ಸಂಕಟ ಆಗುತ್ತದೆ.

ಹುಬ್ಬಳ್ಳಿ ಔಷಧ ಅಂಗಡಿ: ಗುಡ್‌ಇಯರ್ ವಿಷಯ ಒಪ್ಪಿದೆ. ಆದರೆ ಆ ಬೂಷ್ಟು ಬೀಳದೆ ಇದ್ದಿದ್ದರೆ ಆಕ್ಸ್‌ಫರ್ಡಿನವರು ಏನನ್ನು ಶುದ್ಧ ಮಾಡುತ್ತಿದ್ದರು? ಚೈನ್ ಓದಿದ್ದು ಫ್ಲೆಮಿಂಗ್ 1929ರಲ್ಲಿ ಬರೆದ ಲೇಖನವನ್ನೇ ಅಲ್ವಾ?

ನರಗುಂದದ ಕ್ಯಾಮೆರಾ: ಬೀಳುವುದು ಎಲ್ಲರ ಮುಂದೆ ಬೀಳುತ್ತದೆ. 1895ರಲ್ಲಿ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದಾಗ ಜರ್ಮನಿಯ ವಿಜ್ಞಾನಿ ರಂಟ್‌ಗನ್ ಎಕ್ಸ್‌ರೇ ಕಂಡ. ಅವನಿಗಿಂತ ಮೊದಲೇ ಅಂಥದೇ ಕೊಳವೆಗಳ ಹತ್ತಿರ ಇಟ್ಟ ಫೋಟೊ ಪ್ಲೇಟುಗಳು ಮಬ್ಬಾಗಿದ್ದವು. ಪ್ಲೇಟೇ ಸರಿಯಿಲ್ಲ ಅಂದುಕೊಂಡು ಬಿಟ್ಟರು. ಇವನು ಏಳು ವಾರ ಲ್ಯಾಬ್ ಬಿಟ್ಟು ಕದಲಲಿಲ್ಲ.

ರಾಣೆಬೆನ್ನೂರು ಬೀಜದ ಹೊಲ: ಮಾಸ್ತರ್ರೇ, ನಮ್ಮ ಹತ್ತಿಯ ಕಥೆಯನ್ನೂ ಮಕ್ಕಳಿಗೆ ಹೇಳಿ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಎಂಬ ಹತ್ತಿ ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ತಳಿ. ಅದರಲ್ಲಿ ಆಕಸ್ಮಿಕ ಏನೂ ಇಲ್ಲ. ನಾವು ಈಗಲೂ ಕ್ರಾಸಿಂಗ್ ಮಾಡುವುದು ಹಾಗೇ. ನಾಳೆ ಅರಳುವ ಮೊಗ್ಗನ್ನು ಸಂಜೆ ಹಿಡಿದು, ಹೆಬ್ಬೆರಳ ಉಗುರಿನಿಂದ ಸುತ್ತ ಗೀರಿ, ಎಸಳು ಮತ್ತು ಗಂಡು ಭಾಗ ಒಟ್ಟಿಗೆ ಕಳಚಬೇಕು. ನಡುವಿನ ಹೆಣ್ಣು ಕಡ್ಡಿ ನಲುಗಬಾರದು. ಬೆಳಿಗ್ಗೆ ಬೇರೆ ಗಿಡದ ಹೂ ತಂದು ಪುಡಿ ಸವರಿ ದಾರ ಕಟ್ಟುತ್ತೇವೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಉಗುರು ಸವೆದು ಹೋಗುತ್ತದೆ.

ಗದಗ ಮಾಸ್ತರ್: ಅಕ್ಕಾವ್ರೇ, ಇದು ನನಗೆ ಬೇಕಾಗಿತ್ತು. ಸೋಮವಾರ ಆ ಹುಡುಗನಿಗೆ ಪೇದೆಯ ಕಥೆ, ನಿಮ್ಮ ಮೊಗ್ಗಿನ ಕಥೆ ಎರಡೂ ಹೇಳುತ್ತೇನೆ.

ರಾಣೆಬೆನ್ನೂರು ಬೀಜದ ಹೊಲ: ಆದರೆ ಔಷಧ ಅಂಗಡಿ ಅಣ್ಣಾವ್ರ ಮಾತು ನನ್ನನ್ನು ಬಿಡುತ್ತಿಲ್ಲ. ಹೋದ ವರ್ಷ ಬೀಜದ ಹೊಲದಲ್ಲಿ ಒಂದು ಗಿಡ ಬೇರೆ ಥರ ಇತ್ತು. ಸುತ್ತಲಿನವು ಹುಳ ಬಿದ್ದು ಮುದುಡಿದ್ದವು, ಅದರ ಎಲೆ ಹಸಿರಾಗೇ ಇತ್ತು. ಬೆರಕೆ ಅಂತ ಕಿತ್ತು ಬದುವಿಗೆ ಎಸೆದೆ. ಈಗ ಹೊಟ್ಟೆ ಉರಿಯುತ್ತದೆ.

ಧಾರವಾಡ ಲ್ಯಾಬ್: ಬೀಜದ ಹೊಲದಲ್ಲಿ ಕೀಳಲೇಬೇಕಕ್ಕಾ, ಇಲ್ಲದಿದ್ದರೆ ಬೀಜ ಕೆಡುತ್ತದೆ. ಆದರೆ ಮುಂದೆ ಅಂಥದ್ದು ಕಂಡರೆ ಬೇರಿನ ಮಣ್ಣು ಸಮೇತ ಎತ್ತಿ ಮನೆ ಹಿತ್ತಲಲ್ಲಿ ನೆಡಿ. ಕೃಷಿ ವಿಶ್ವವಿದ್ಯಾಲಯದ ಹತ್ತಿ ವಿಭಾಗದವರಿಗೆ ಒಮ್ಮೆ ತೋರಿಸಿ.

ರಾಣೆಬೆನ್ನೂರು ಬೀಜದ ಹೊಲ: ಬಾವಿ ಕಡೆಯ ಮೂರನೇ ಸಾಲು, ನೆನಪಿದೆ. ಈ ಸಲ ದಿನಾ ನೋಡುತ್ತೇನೆ.