ಕಾರ್ಮಿಕ ಕಾನೂನಿನ ಬದಲಾವಣೆಗಳನ್ನು ಉದ್ಯೋಗದಾತರು ಗಮನಿಸುವುದು ಹೇಗೆ? ಕಾರ್ಮಿಕ ಕಾನೂನು ಸಲಹೆಗಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ ಸಮೀಪದ ಕಾಫಿ ಬೆಳೆಗಾರರು):

ನಮಸ್ಕಾರ ಸರ್. ನಮ್ಮದು ಮೂಡಿಗೆರೆ ಸಮೀಪ ನಲವತ್ತು ಎಕರೆ ಕಾಫಿ ತೋಟ. ಅದರೊಳಗೇ ಐದು ಕೋಣೆಗಳ ಹೋಂಸ್ಟೇ ಇದೆ. ಲೈನ್ ಮನೆಗಳಲ್ಲಿರುವ ಕಾಯಂ ಕಾರ್ಮಿಕರು ಹದಿನಾಲ್ಕು ಮಂದಿ. ಕೊಯ್ಲಿನ ಕಾಲಕ್ಕೆ ಅಸ್ಸಾಂ ಕಡೆಯಿಂದ ಇನ್ನೂ ಇಪ್ಪತ್ತು ಜನ ಬರುತ್ತಾರೆ. ಹಾಜರಿ, ಬಟವಾಡೆ ನೋಡಿಕೊಳ್ಳುವುದಕ್ಕೆ ಒಬ್ಬ ರೈಟರ್ ಇದ್ದಾರೆ, ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ವಾರಕ್ಕೊಂದು ಹೊಸ ಕಾನೂನಿನ ಸುದ್ದಿ ಬರುತ್ತದೆ. ಅದರಲ್ಲಿ ಯಾವುದು ನಮಗೆ ಅನ್ವಯಿಸುತ್ತದೆ, ಯಾವುದು ಇನ್ನೂ ಮಾತಿನ ಮಟ್ಟದಲ್ಲಿದೆ ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ? ಇದಕ್ಕೆಂದೇ ಒಬ್ಬರನ್ನು ನೇಮಿಸಿಕೊಳ್ಳುವಷ್ಟು ಶಕ್ತಿ ನಮಗಿಲ್ಲ.

ಉತ್ತರ:

ನಮಸ್ಕಾರ. ಪ್ರತ್ಯೇಕವಾಗಿ ಯಾರನ್ನೂ ನೇಮಿಸುವ ಅಗತ್ಯ ನಿಮಗಿಲ್ಲ. ನಿಮ್ಮ ರೈಟರಿಗೆ ಎರಡು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿದರೆ ಕೆಲಸದ ಬಹುಪಾಲು ಮುಗಿಯುತ್ತದೆ: ಈ ಬದಲಾವಣೆ ರಾಜ್ಯಪತ್ರದಲ್ಲಿ ಪ್ರಕಟವಾಗಿ ಜಾರಿಯ ದಿನಾಂಕ ಪಡೆದಿದೆಯೇ? ಪಡೆದಿದ್ದರೆ, ನಮ್ಮ ಸಂಸ್ಥೆಯ ಬಗೆಗೂ ನಮ್ಮ ಕಾರ್ಮಿಕರ ಸಂಖ್ಯೆಗೂ ಅದು ತಾಗುತ್ತದೆಯೇ?

ಮೊದಲ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ನೀಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿತು, ಕೆಲವೇ ದಿನಗಳಲ್ಲಿ ಸರ್ಕಾರವೇ ಅದನ್ನು ತಡೆಹಿಡಿಯಿತು. ಆದರೂ ಅದು ಕಾನೂನಾಗಿಬಿಟ್ಟಿತೆಂದು ನಂಬಿ ನನ್ನನ್ನು ವಿಚಾರಿಸಿದವರು ಅನೇಕರು. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳ ಕಥೆ ಇದಕ್ಕಿಂತ ದೀರ್ಘವಾದದ್ದು. ವೇತನ ಸಂಹಿತೆ 2019ರಲ್ಲಿ ಅಂಗೀಕಾರವಾಯಿತು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಕುರಿತ ಉಳಿದ ಮೂರು 2020ರಲ್ಲಿ. 2021ರ ಏಪ್ರಿಲ್‌ನಿಂದಲೇ ಜಾರಿ ಎಂಬ ಮಾತು ಎಲ್ಲೆಡೆ ಹಬ್ಬಿತ್ತು, ಹಲವರು ಸಂಬಳದ ರಚನೆಯನ್ನೇ ತರಾತುರಿಯಲ್ಲಿ ಬದಲಿಸಿದರು. ಕೊನೆಗೆ ಅವು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, 29 ಹಳೆಯ ಕೇಂದ್ರ ಕಾಯ್ದೆಗಳ ಬದಲಿಗೆ. ಹಳೆಯ ಕಾಯ್ದೆಗಳಡಿ ಹೊರಡಿಸಿದ್ದ ನಿಯಮ, ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ, ಹೊಸವು ಬರುವ ತನಕ ಮುಂದುವರಿಯುತ್ತವೆ. ಹೀಗಾಗಿ ಎಲ್ಲವೂ ಒಂದೇ ರಾತ್ರಿ ಬದಲಾಯಿತು ಎನ್ನುವವರನ್ನೂ, ನಿಯಮ ಬರುವವರೆಗೆ ಏನೂ ಬದಲಾಗಿಲ್ಲ ಎನ್ನುವವರನ್ನೂ ನಂಬಬೇಡಿ. ಯಾವ ಸುದ್ದಿ ಬಂದರೂ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಕೇಳಿ, ಕೊಡದಿದ್ದರೆ ಆ ಸಂದೇಶವನ್ನು ಅಲ್ಲಿಗೇ ಬಿಡಿ. ಕರ್ನಾಟಕ ರಾಜ್ಯಪತ್ರವೂ ಕಾರ್ಮಿಕ ಇಲಾಖೆಯ ಜಾಲತಾಣವೂ ಯಾರು ಬೇಕಾದರೂ ನೋಡಬಹುದಾದಂಥವು. ತಿಂಗಳಿಗೊಮ್ಮೆ, ಬಟವಾಡೆಯ ಲೆಕ್ಕ ಮುಗಿದ ಮರುದಿನ ಅವನ್ನು ನೋಡುವ ಕೆಲಸ ರೈಟರಿಗೆ ವಹಿಸಿ.

ಈಗ ಎರಡನೆಯ ಪ್ರಶ್ನೆ. ಕಾಫಿ, ಟೀ, ರಬ್ಬರ್, ಏಲಕ್ಕಿ ಬೆಳೆಯುವ ಐದು ಹೆಕ್ಟೇರು ಅಥವಾ ಅದಕ್ಕಿಂತ ಹೆಚ್ಚಿನ ಭೂಮಿ ಪ್ಲಾಂಟೇಷನ್ ಎನಿಸುತ್ತದೆ. ಐದು ಹೆಕ್ಟೇರೆಂದರೆ ಸುಮಾರು ಹನ್ನೆರಡೂವರೆ ಎಕರೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಗೆ ಹದಿನೈದು ಮಂದಿ ಬೇಕಿತ್ತು, ಈಗಿನ ಔದ್ಯೋಗಿಕ ಸುರಕ್ಷತಾ ಸಂಹಿತೆಗೆ ಹತ್ತು ಕಾರ್ಮಿಕರು ಸಾಕು. ಹದಿನಾಲ್ಕು ಮಂದಿಯ ಬಲದ ಮೇಲೆ ಹಿಂದೆ ಹೊರಗುಳಿದಿದ್ದರೆ, ಈಗ ನೀವು ಒಳಗಿದ್ದೀರಿ. ಕಾರ್ಮಿಕರೆಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಲೈನ್ ಮನೆಯಲ್ಲಿ ಎರಡು ತಲೆಮಾರಿನಿಂದ ಇರುವ ಕುಟುಂಬಕ್ಕೆ ಪತ್ರ ಏತಕ್ಕೆ ಎಂದು ಬೆಳೆಗಾರರು ಕೇಳುವುದುಂಟು. ನಿಜವಾಗಿ, ಅಂಥ ಕುಟುಂಬದ ವಿಷಯದಲ್ಲೇ ಮುಂದೆ ಗ್ರಾಚುಯಿಟಿಯ (ಸಲ್ಲಿಸಿದ ಸೇವೆಗಾಗಿ ಕೆಲಸ ಬಿಡುವಾಗ ಕೊಡಬೇಕಾದ ಇಡಿಗಂಟಿನ) ತಕರಾರು ಹುಟ್ಟುವುದು; ಕೆಲಸಕ್ಕೆ ಸೇರಿದ ದಿನ ಕಾಗದದ ಮೇಲಿದ್ದರೆ ಇಬ್ಬರಿಗೂ ಕ್ಷೇಮ.

ಕೊಯ್ಲಿಗೆ ಬರುವ ಇಪ್ಪತ್ತು ಮಂದಿ ಅಂತರರಾಜ್ಯ ವಲಸೆ ಕಾರ್ಮಿಕರು. ಹಿಂದಿನ ಕಾಯ್ದೆಯಲ್ಲಿ ಐದು ಎಂದಿದ್ದ ಮಿತಿ ಈಗ ಹತ್ತಾಗಿದೆ; ಆದರೂ ನೀವು ಅದನ್ನು ದಾಟಿದ್ದೀರಿ. ಗುತ್ತಿಗೆದಾರರಿಲ್ಲದೆ ತಾವಾಗಿಯೇ ರೈಲು ಹತ್ತಿ ಬಂದವರೂ ಈಗ ಈ ವ್ಯಾಖ್ಯೆಯೊಳಗಿದ್ದಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚವನ್ನೂ ಸಂಹಿತೆ ಹೇಳುತ್ತದೆ. ಅದಕ್ಕೆ ಕನಿಷ್ಠ ಎಷ್ಟು ಅವಧಿಯ ಸೇವೆ ಇರಬೇಕೆಂಬುದನ್ನು ನಿಯಮಗಳು ನಿರ್ಧರಿಸುವುದರಿಂದ, ಒಂದೇ ಹಂಗಾಮಿಗೆ ಬರುವವರ ವಿಷಯದಲ್ಲಿ ನಿಯಮವನ್ನು ಓದಿಯೇ ತೀರ್ಮಾನಿಸಿ. ಕಿಲೋ ಲೆಕ್ಕದಲ್ಲಿ ಕೊಯ್ಲು ಕೊಟ್ಟಾಗ, ಬೇರೆ ಕಿಲೋ ದರ ನಿಗದಿಯಾಗಿರದಿದ್ದರೆ, ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಬೀಳುವಂತಿಲ್ಲ. ಹಣ್ಣು ತೆಳುವಾಗಿರುವ ಮೊದಲ ಕೊಯ್ಲಿನಲ್ಲಿ ಈ ಲೆಕ್ಕ ತಪ್ಪುವುದು ಹೆಚ್ಚು. ಕೊಟ್ಟ ಮುಂಗಡವನ್ನು ಹಿಡಿಯುವಾಗಲೂ ಎಲ್ಲ ಕಡಿತಗಳು ಸೇರಿ ಆ ಬಟವಾಡೆಯ ಕೂಲಿಯ ಅರ್ಧವನ್ನು ಮೀರಬಾರದು.

ಹೋಂಸ್ಟೇಯ ಬಗ್ಗೆ ಒಂದೇ ಮಾತು. ಬೆಳಗ್ಗೆ ತೋಟದಲ್ಲಿ ದುಡಿದು ಸಂಜೆ ಅತಿಥಿಗಳಿಗೆ ಅಡುಗೆ ಮಾಡುವವರಿಗೆ ಆಯಾ ಹೊತ್ತಿನ ಕೆಲಸದ ಕನಿಷ್ಠ ದರ ಸಲ್ಲಬೇಕು. ಈ ದರಗಳ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಪರಿಷ್ಕಾರವಾಗುತ್ತದೆ. ವರ್ಷದಲ್ಲಿ ಬೇರೇನನ್ನು ಮರೆತರೂ ಆ ಅಧಿಸೂಚನೆಯನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ (ಹಾಸನದಲ್ಲಿ ಸಿದ್ಧ ಉಡುಪು ಘಟಕ ನಡೆಸುವವರು):

ಸರ್, ನನ್ನ ಘಟಕದಲ್ಲಿ ಮೂವತ್ತೈದು ಮಂದಿ ಇದ್ದೇವೆ, ಹೆಚ್ಚಿನವರು ಮಹಿಳೆಯರು. ಮೂಲ ವೇತನ ಅರ್ಧದಷ್ಟಿರಲೇಬೇಕು, ಇಲ್ಲದಿದ್ದರೆ ದಂಡ ಎಂದು ನಮ್ಮ ಲೆಕ್ಕಪರಿಶೋಧಕರ ಕಚೇರಿಯವರು ಹೇಳುತ್ತಾರೆ. ಇದು ನಿಜವೇ? ಋತುಚಕ್ರ ರಜೆಯ ಆದೇಶ ನಮ್ಮಂಥ ಸಣ್ಣ ಘಟಕಕ್ಕೂ ಇದೆಯೇ?

ಉತ್ತರ:

ಮೇಡಂ, ಮೂಲ ವೇತನ ಅರ್ಧದಷ್ಟಿರಬೇಕು ಎಂದು ಸಂಹಿತೆ ಎಲ್ಲಿಯೂ ಹೇಳಿಲ್ಲ. ಅದು ಹೇಳುವುದು ಹೀಗೆ: ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾಗಿ ವೇತನದ ಲೆಕ್ಕದಿಂದ ಹೊರಗಿಡುವ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಿ ಲೆಕ್ಕ ಹಾಕಬೇಕು. ಒಬ್ಬರಿಗೆ ಒಟ್ಟು ₹24,000 ಇದ್ದು ಮೂಲ ವೇತನ ಮತ್ತು ತುಟ್ಟಿಭತ್ಯೆ ₹9,000, ಹೊರಗಿಟ್ಟ ಭತ್ಯೆಗಳು ₹15,000 ಎಂದಿಟ್ಟುಕೊಳ್ಳಿ. ಒಟ್ಟಿನ ಅರ್ಧ ₹12,000. ಭತ್ಯೆಗಳು ಅದನ್ನು ₹3,000ದಷ್ಟು ಮೀರಿವೆ. ಆದ್ದರಿಂದ ಕಾನೂನಿನ ಕಣ್ಣಿಗೆ ವೇತನ ₹12,000. ಸಂಬಳದ ಚೀಟಿಯನ್ನು ನೀವು ಬದಲಿಸಿದರೂ ಬದಲಿಸದಿದ್ದರೂ ಗ್ರಾಚುಯಿಟಿ, ಭವಿಷ್ಯ ನಿಧಿ, ಬೋನಸ್ ಇವುಗಳ ಲೆಕ್ಕ ಈ ಅಂಕಿಯಿಂದಲೇ ಆರಂಭವಾಗಬೇಕು. ಭವಿಷ್ಯ ನಿಧಿಗೆ ₹15,000 ಮಿತಿ ಇರುವುದರಿಂದ, ಅದಾಗಲೇ ಮಿತಿಯ ಮೇಲೆ ವಂತಿಗೆ ಕಟ್ಟುತ್ತಿರುವವರಿಗೆ ಅಲ್ಲಿ ವ್ಯತ್ಯಾಸ ಬರುವುದಿಲ್ಲ. ಹೊರೆ ಹೆಚ್ಚುವುದು ಮುಖ್ಯವಾಗಿ ಗ್ರಾಚುಯಿಟಿಯಲ್ಲಿ.

ಇದಕ್ಕಿಂತ ಬೇಗ ನಿಮ್ಮನ್ನು ಕಾಡಬಹುದಾದ ಬದಲಾವಣೆ ಬೇರೆಯದು. ಕೆಲಸ ಬಿಟ್ಟವರ ಅಥವಾ ತೆಗೆದುಹಾಕಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹೊಲಿಗೆ ಘಟಕಗಳಲ್ಲಿ ಹೇಳದೆ ಕೇಳದೆ ಬಿಟ್ಟುಹೋಗುವವರ ಬಾಕಿಯನ್ನು ಮುಂದಿನ ಸಂಬಳದ ದಿನದವರೆಗೆ ಇಟ್ಟುಕೊಳ್ಳುವ ವಾಡಿಕೆಯಿದೆ, ಅದಿನ್ನು ನಡೆಯುವುದಿಲ್ಲ. ಗ್ರಾಚುಯಿಟಿಗೆ ಮಾತ್ರ ಮೂವತ್ತು ದಿನಗಳ ಅವಕಾಶವಿದೆ. ಆರ್ಡರ್ ಇರುವಷ್ಟು ಕಾಲಕ್ಕೆಂದು ನಿಗದಿತ ಅವಧಿಯ ಒಪ್ಪಂದದಲ್ಲಿ ತೆಗೆದುಕೊಂಡವರಿಗೆ ಐದು ವರ್ಷ ಕಾಯುವ ಮಾತಿಲ್ಲ, ಒಂದು ವರ್ಷ ಸೇವೆ ಸಲ್ಲಿಸಿದರೆ ಗ್ರಾಚುಯಿಟಿ ಸಲ್ಲುತ್ತದೆ. ವಾರ್ಷಿಕ ರಜೆಯ ಅರ್ಹತೆಯೂ 240 ದಿನಗಳಿಂದ 180 ದಿನಗಳಿಗೆ ಇಳಿದಿದೆ. ಕಾರ್ಖಾನೆ ಎನಿಸಲು ವಿದ್ಯುತ್ ಬಳಸುವ ಕಡೆ ಹತ್ತರ ಬದಲು ಇಪ್ಪತ್ತು ಕಾರ್ಮಿಕರು ಎಂದಾಗಿದೆಯಾದರೂ ಮೂವತ್ತೈದು ಮಂದಿಯಿರುವ ನಿಮಗೆ ಅದರಿಂದ ವಿನಾಯಿತಿ ಸಿಗದು.

ಋತುಚಕ್ರ ರಜೆ ರಾಜ್ಯ ಸರ್ಕಾರದ 2025ರ ನವೆಂಬರಿನ ಆದೇಶ. 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ರಜೆ. ವೈದ್ಯಕೀಯ ಪ್ರಮಾಣಪತ್ರ ಕೇಳುವಂತಿಲ್ಲ, ಬಳಸದ ದಿನವನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಆದೇಶ ಹೆಸರಿಸುವುದು ಕಾರ್ಖಾನೆ, ಅಂಗಡಿ, ಪ್ಲಾಂಟೇಷನ್, ಬೀಡಿ, ಮೋಟಾರು ಸಾರಿಗೆ ಕಾಯ್ದೆಗಳಡಿ ನೋಂದಾಯಿತ ಸಂಸ್ಥೆಗಳನ್ನು. ಅಂಗಡಿ ಕಾಯ್ದೆಯೊಂದನ್ನು ಬಿಟ್ಟು ಉಳಿದವೆಲ್ಲ ಅದೇ ತಿಂಗಳಲ್ಲಿ ಸಂಹಿತೆಗಳೊಳಗೆ ಸೇರಿಹೋದದ್ದು ವಿಚಿತ್ರವೇ ಸರಿ. ಆದರೆ ಅದನ್ನೇ ನೆಪವಾಗಿಸಿ ರಜೆ ನಿರಾಕರಿಸುವಂತೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆ ಎಂಬುದೂ ನಿಜ. ಪ್ರಶ್ನಿಸಿದ ಮಾತ್ರಕ್ಕೆ ಆದೇಶ ನಿಂತುಹೋಗುವುದಿಲ್ಲ. ಇಂಥ ವಿಷಯದಲ್ಲಿ ಪತ್ರಿಕೆಯ ಶೀರ್ಷಿಕೆಯನ್ನಲ್ಲ, ನ್ಯಾಯಾಲಯದ ಆದೇಶದ ಪ್ರತಿಯನ್ನು ನೋಡಬೇಕು.

ಇನ್ನೊಂದು ಸಂಗತಿ, ನೀವು ಕೇಳದಿದ್ದರೂ ಹೇಳಬೇಕಾದದ್ದು. ಲೈಂಗಿಕ ಕಿರುಕುಳ ತಡೆ ಕುರಿತ 2013ರ ಕಾಯ್ದೆ ಸಂಹಿತೆಗಳೊಳಗೆ ಸೇರಿಲ್ಲ, ಪ್ರತ್ಯೇಕವಾಗಿಯೇ ಇದೆ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಕಡ್ಡಾಯ, ಅದಕ್ಕೆ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷರು, ಹೊರಗಿನ ಸದಸ್ಯರೊಬ್ಬರು ಇರಲೇಬೇಕು.

ಪ್ರಶ್ನೆ (ಬೇಲೂರಿನ ಹೋಟೆಲ್ ಮಾಲೀಕರು):

ನಮ್ಮಲ್ಲಿ ಎಂಟೇ ಜನ ಕೆಲಸಗಾರರು. ಹತ್ತಕ್ಕಿಂತ ಕಡಿಮೆ ಇದ್ದರೆ ಈ ಯಾವುದೂ ನಮಗಿಲ್ಲ ಎಂದು ತಿಳಿಯಬಹುದೇ?

ಉತ್ತರ:

ತಿಳಿಯಬಾರದು. ವೇತನ ಸಂಹಿತೆಯ ಕನಿಷ್ಠ ವೇತನ ಮತ್ತು ವೇತನ ಪಾವತಿಯ ಭಾಗಗಳಿಗೆ ಸಂಖ್ಯೆಯ ಮಿತಿಯೇ ಇಲ್ಲ, ಒಬ್ಬರೇ ಇದ್ದರೂ ಅನ್ವಯ. ತಿಂಗಳ ಸಂಬಳ ಮುಂದಿನ ತಿಂಗಳ ಏಳರೊಳಗೆ, ವಾರದ ಕೂಲಿಯಾದರೆ ವಾರದ ಕೊನೆಯ ಕೆಲಸದ ದಿನ. ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು. 14 ವರ್ಷದೊಳಗಿನ ಮಕ್ಕಳನ್ನು ಮೇಜು ಒರೆಸುವುದಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಹತ್ತು, ಭವಿಷ್ಯ ನಿಧಿಗೆ ಮತ್ತು ಬೋನಸ್‌ಗೆ ಇಪ್ಪತ್ತು ಎಂಬ ಮಿತಿಗಳು ಮುಂದುವರಿದಿವೆ. ಜಾತ್ರೆಗೋ ಪ್ರವಾಸಿಗರ ಹಂಗಾಮಿಗೋ ಮೂವರನ್ನು ಹೆಚ್ಚಾಗಿ ತೆಗೆದುಕೊಂಡರೆ ನಿಮ್ಮ ಎಂಟು ಹನ್ನೊಂದಾಗುತ್ತದೆ ಎಂಬುದು ನೆನಪಿರಲಿ.

ಮರುಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರು):

ಧನ್ಯವಾದಗಳು ಸರ್. ಕೊಯ್ಲಿನವರ ಕೂಲಿಯನ್ನು ನಾವು ಅವರನ್ನು ಕರೆತರುವ ಮೇಸ್ತ್ರಿಯ ಖಾತೆಗೆ ಒಟ್ಟಾಗಿ ಹಾಕುತ್ತೇವೆ, ಅವರು ಹಂಚುತ್ತಾರೆ. ಗುತ್ತಿಗೆ ಕಾರ್ಮಿಕರ ಮಿತಿ ಇಪ್ಪತ್ತರಿಂದ ಐವತ್ತಕ್ಕೆ ಏರಿದೆಯಂತೆ. ಹಾಗಾದರೆ ಹಂಚಿಕೆಯ ಜವಾಬ್ದಾರಿ ಮೇಸ್ತ್ರಿಯದ್ದೇ ಅಲ್ಲವೇ?

ಉತ್ತರ:

ಮಿತಿ ಏರಿರುವುದು ನಿಜ. ಆದರೆ ಅದರಿಂದ ನಿಮಗೆ ಕಡಿಮೆಯಾಗುವುದು ಗುತ್ತಿಗೆ ಕಾರ್ಮಿಕರ ಅಧ್ಯಾಯದ ಕಟ್ಟಳೆಗಳು ಮಾತ್ರ, ಕೂಲಿಯ ಹೊಣೆಯಲ್ಲ. ಮೇಸ್ತ್ರಿ ಕೊಡದೆ ಹೋದರೆ ವೇತನ ಸಂಹಿತೆಯ ಪ್ರಕಾರ ಸಂಸ್ಥೆಯ ಮಾಲೀಕರು ಕೊಡಬೇಕು. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು, ಪಾವತಿಯಾಗಿದೆ ಎಂದು ತೋರಿಸುವ ಭಾರ ಉದ್ಯೋಗದಾತರ ಮೇಲೆಯೇ ಇದೆ. ಮೇಸ್ತ್ರಿಯ ಖಾತೆಗೆ ಹೋದ ಹಣ ಇಂಥ ಕಾರ್ಮಿಕರಿಗೆ ಇಷ್ಟು ತಲುಪಿತು ಎಂಬುದಕ್ಕೆ ನಿಮ್ಮ ಬಳಿ ಏನು ದಾಖಲೆಯಿದೆ? ಪರಿಶೀಲನೆಗೆ ಬರುವ ಅಧಿಕಾರಿ ಮೊದಲ ಬಾರಿಗೆ ಲೋಪ ಕಂಡರೆ ಲಿಖಿತವಾಗಿ ತಿಳಿಸಿ ಸರಿಪಡಿಸಲು ಅವಕಾಶ ಕೊಡಬೇಕೆಂದು ಸಂಹಿತೆಯಲ್ಲಿದೆ. ಅಂಥದೇ ಲೋಪ ಐದು ವರ್ಷದೊಳಗೆ ಮರುಕಳಿಸಿದರೆ ಆ ಅವಕಾಶವಿಲ್ಲ.

ಈ ಹಂಗಾಮಿನಿಂದಲೇ ಪ್ರತಿಯೊಬ್ಬರ ಕೂಲಿಯನ್ನು ಅವರವರ ಬ್ಯಾಂಕ್ ಖಾತೆಗೆ ಹಾಕಿ. ಖಾತೆಯಿಲ್ಲದವರಿಗೆ ರೈಟರ್ ಎದುರಿನಲ್ಲೇ ಕೊಟ್ಟು, ದಿನ, ಕಿಲೋ, ಕಡಿತ ಎಲ್ಲವನ್ನೂ ಬರೆದ ಬಟವಾಡೆ ಪುಸ್ತಕದಲ್ಲಿ ಸಹಿ ಪಡೆಯಿರಿ. ಮೇಸ್ತ್ರಿಯ ಕಮಿಷನ್ನನ್ನು ಕಾರ್ಮಿಕರ ಕೂಲಿಯಿಂದ ಕಳೆಯದೆ, ನಿಮ್ಮ ಲೆಕ್ಕದಿಂದ, ಪ್ರತ್ಯೇಕ ರಸೀದಿಯಲ್ಲಿ ಕೊಡಿ.