ಟಿಕೆಟ್ ಕೊಂಡು ಬಂದವರಿಗೆ ಟೆಲಿಸ್ಕೋಪ್ ತೋರಿಸೋದು ಹೆಂಗ? ಪ್ರಶ್ನೋತ್ತರ

ಅಡ್ಮಿನ್: ಕಲಬುರಗಿ, ಬೀದರ್, ಯಾದಗಿರಿ ಕಡೆ ಆಕಾಶ ವೀಕ್ಷಣೆಯ ಕ್ಲಬ್‌ನವರು ಈಗ ಟಿಕೆಟ್ ಇಟ್ಟು ಊರ ಮಂದಿಗೆ ಕಾರ್ಯಕ್ರಮ ಮಾಡಲತ್ತಾರ. ಅದರ ಬಗ್ಗೆ ಕೇಳ್ರಿ. ಉತ್ತರ ಕೊಡೋರಿಗೆ ಟೆಲಿಸ್ಕೋಪ್ ರಿಪೇರಿ ಮತ್ತು ಸಾರ್ವಜನಿಕ ವೀಕ್ಷಣೆ ನಡೆಸೋದೇ ಉದ್ಯೋಗ. ಕೆಳಗ ‘ತಜ್ಞರು’ ಅಂತ ಇರ್ತದ.

ಕಲಬುರಗಿ ಕಾರ್ಯದರ್ಶಿ: ನಮಸ್ಕಾರ ಸರ. 50 ರೂಪಾಯಿಯಂಗ 200 ಟಿಕೆಟ್ ಹೋಗ್ಯಾವ. ಸಂಜಿ 7ರಿಂದ 9. ಎರಡು ಟೆಲಿಸ್ಕೋಪ್ ಅವ, 114 ಮಿ.ಮೀ. ಕನ್ನಡಿ, 900 ಮಿ.ಮೀ. ಫೋಕಲ್ ಲೆಂತ್. ಮೋಟರ್ ಇಲ್ಲ. ಸಾಕಾಗ್ತದೇನ್ರಿ?

ತಜ್ಞರು: ನಮಸ್ಕಾರ. ಸಾಕಾಗಂಗಿಲ್ಲ. ಒಬ್ಬರು ಸ್ಟೂಲ್ ಹತ್ತಿ, ಒಂದು ಕಣ್ಣು ಮುಚ್ಚಿ, ಕಂಡದ್ದು ಏನು ಅಂತ ತಿಳಿದು ಇಳಿಯೋಕೆ ಒಂದು ನಿಮಿಷ ಬೇಕು. ಆ ಲೆಕ್ಕಕ್ಕೆ ಎರಡು ಟೆಲಿಸ್ಕೋಪಿಗೆ ಎರಡು ತಾಸಿನಲ್ಲಿ 240 ಮಂದಿ. ಆದರೆ ಭೂಮಿ ತಿರುಗ್ತದ, ಆಕಾಶ ತಾಸಿಗೆ 15 ಡಿಗ್ರಿ ಸರೀತದ, ಅದರ ಹಿಂದೆ ಟೆಲಿಸ್ಕೋಪ್ ತಿರುಗಿಸೋಕೆ ನಿಮ್ಮಲ್ಲಿ ಮೋಟರ್ ಇಲ್ಲ. 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡೋ ಗಾಜು) ಹಾಕಿದರೆ 90 ಪಟ್ಟು ದೊಡ್ಡದು ಕಾಣ್ತದ, ಆದರೆ ಎರಡೇ ನಿಮಿಷಕ್ಕೆ ಗ್ರಹ ಅಂಚು ದಾಟಿ ಹೋಗ್ತದ. ಇಬ್ಬರು ನೋಡಿದ ಮೇಲೆ ಪ್ರತಿ ಸಲ ಹೊಂದಿಸಬೇಕು. ಖರೇ ಅಂದ್ರೆ 180 ದಾಟಂಗಿಲ್ಲ.

25 ಮಿ.ಮೀ. ಹಾಕ್ರಿ. 36 ಪಟ್ಟು. ಚಂದ್ರ ಪೂರ್ತಿ ಕಾಣ್ತಾನೆ, ಗುರುವಿನ ನಾಲ್ಕು ಚಂದ್ರರು ಕಾಣ್ತಾರ, ಚಷ್ಮಾ ಇದ್ದವರಿಗೂ ಸಲೀಸು. ಹೊಂದಿಸಿದ್ದು ಐದು ನಿಮಿಷ ನಿಲ್ತದ. ಟೋಕನ್ ಮೇಲೆ ಅರ್ಧ ತಾಸಿನ ಸಮಯ ಬರೀರಿ: 7, 7:30, 8, 8:30, 9. ಒಂದೊಂದಕ್ಕೆ 40 ಮಂದಿ. 9:30ಕ್ಕೆ 200 ಮುಗೀತದ, ಯಾರೂ ಎರಡು ತಾಸು ಪಾಳಿಯಲ್ಲಿ ನಿಲ್ಲಂಗಿಲ್ಲ.

ಒಬ್ಬೊಬ್ಬ ಸದಸ್ಯ ಟೆಲಿಸ್ಕೋಪ್ ಹತ್ತಿರ, ಒಬ್ಬೊಬ್ಬ ಪಾಳಿಯಲ್ಲಿ. ಪಾಳಿಯಲ್ಲಿ ಇರೋನೇ ಏನು ನೋಡಬೇಕು ಅಂತ ಮೊದಲೇ ಹೇಳಬೇಕು. ಈ ತರದ ಟೆಲಿಸ್ಕೋಪಿಗೆ ಐಪೀಸ್ ಮೇಲಿನ ತುದಿಯಲ್ಲಿ ಇರ್ತದ. ಹುಡುಗರು ಹತ್ತಿದ ಕೂಡಲೇ ಆಸರೆಗೆ ಕೊಳವೆ ಹಿಡೀತಾರ, ಚಿತ್ರ ಹೋಗೇಬಿಡ್ತದ. ಸ್ಟೂಲ್ ಪಕ್ಕದಲ್ಲಿ ಒಂದು ಕುರ್ಚಿ ಬೆನ್ನು ಮಾಡಿ ಇಡ್ರಿ, ಅದನ್ನ ಹಿಡಕೊಳ್ಳಲಿ.

ಹುಮನಾಬಾದ್: ಮೋಡ ಆದ್ರ ರೊಕ್ಕ ವಾಪಸ್ ಕೊಡಬೇಕೇನ್ರಿ?

ತಜ್ಞರು: ಕೊಡಬೇಕು. ಟಿಕೆಟ್ ಮೇಲೇ ಅಚ್ಚು ಹಾಕ್ರಿ.

ಯಾದಗಿರಿ: ಗುಡ್ಡದ ಮ್ಯಾಲಿನ ಕೋಟಿಯೊಳಗ ರಾತ್ರಿ ಮಾಡಬೇಕಂತ ಅದ. ಪರವಾನಗಿ ಯಾರ ಕಡೆ ಕೇಳಬೇಕ್ರಿ?

ಸೇಡಂ ಶಿಕ್ಷಕಿ: ಸರ, ನಾವು ಹಗಲೊತ್ತು ಸಾಲಿ ಹುಡುಗರಿಗೆ ಸೂರ್ಯನ ಕಲೆ ತೋರಿಸಬೇಕಂತ ಮಾಡೀವಿ, 20 ರೂಪಾಯಿ ಟಿಕೆಟ್. ನಮ್ಮದೂ 114 ಮಿ.ಮೀ. ಕನ್ನಡಿದೇ. ಡಬ್ಬಿಯೊಳಗ ಐಪೀಸಿಗೆ ತಿರುವಿ ಹಾಕೋ ಸಣ್ಣ ಕಪ್ಪು ಗಾಜು ಬಂದದ, ‘ಸನ್’ ಅಂತ ಬರದದ. ಅಷ್ಟು ಸಾಕಲ್ರಿ?

ತಜ್ಞರು: ಅಕ್ಕೋರ, ಆ ಗಾಜು ಇವತ್ತೇ ಒಡೆದು ಹಾಕ್ರಿ. ಎತ್ತಿಟ್ಟರೆ ಮುಂದೆ ಇನ್ನೊಬ್ಬರ ಕೈಗೆ ಸಿಗ್ತದ.

ಕಾರಣ ಹೇಳ್ತೀನಿ. 114 ಮಿ.ಮೀ. ಕನ್ನಡಿ ಬಿಸಿಲಿನಲ್ಲಿ ಸುಮಾರು 10 ವ್ಯಾಟ್ ಶಾಖ ಕೂಡಿಸಿ 8 ಮಿ.ಮೀ. ಚುಕ್ಕಿಗೆ ತರ್ತದ. ಆ ಗಾಜು ಕೂಡೋದು ಅದರ ಹತ್ತಿರಾನೇ. ಕಾದು ಕಾದು ಒಮ್ಮೆಲೇ ಸೀಳ್ತದ, ಸೀಳೋ ಹೊತ್ತಿಗೆ ಯಾವುದೋ ಹುಡುಗನ ಕಣ್ಣು ಐಪೀಸಿನ ಮೇಲೇ ಇರ್ತದ. ಕಣ್ಣಿನ ಒಳಪರದೆಗೆ ನೋವಿನ ಅರಿವಿಲ್ಲ. ಸುಟ್ಟದ್ದು ಗೊತ್ತಾಗೋದು ತಾಸುಗಟ್ಟಲೆ ಆದ ಮೇಲೆ, ಹಲಗೆ ಮೇಲಿನ ಅಕ್ಷರದ ನಡುವೆ ಮಸುಕು ಕಂಡಾಗ.

ಸೂರ್ಯನ ಬೆಳಕು ಟೆಲಿಸ್ಕೋಪಿನ ಬಾಯಲ್ಲೇ ತಡೀಬೇಕು, ಒಳಗೆ ಹೋದ ಮೇಲೆ ಅಲ್ಲ. ಲಕ್ಷದಲ್ಲಿ ಒಂದು ಪಾಲು ಮಾತ್ರ ಬಿಡುವ ಸೋಲಾರ್ ಫಿಲ್ಮ್ ಸಿಗ್ತದ, ‘ಓಡಿ 5’ ಅಂತ ಬರೆದದ್ದು. ದಪ್ಪ ರಟ್ಟಿನ ಎರಡು ಬಳೆ ಕತ್ತರಿಸಿ, ನಡುವೆ ಎರಡೂ ಬದಿ ಅಂಟುವ ಟೇಪಿನಿಂದ ಫಿಲ್ಮ್ ಕೂಡಿಸ್ರಿ. ಎಳೆದು ಬಿಗಿ ಮಾಡಬ್ಯಾಡ್ರಿ. ಕೆಳಗೆ 5 ಸೆಂ.ಮೀ. ರಟ್ಟಿನ ಪಟ್ಟಿ ಸುತ್ತಿ, ಕೊಳವೆಗೆ ಟೋಪಿ ಹಂಗ ಗಟ್ಟಿಯಾಗಿ ಕೂಡಬೇಕು. ಆಮೇಲೆ ನಾಲ್ಕೂ ಕಡೆ ಟೇಪ್. ನಮ್ಮ ಬಯಲು ಸೀಮೆ ಗಾಳಿಗೆ ಬರೀ ಟೋಪಿ ನಿಲ್ಲಂಗಿಲ್ಲ.

ಗುರಿ ಹಿಡಿಯೋಕೆ ಕೊಳವೆ ಮೇಲೆ ಕೂಡಿಸಿದ ಸಣ್ಣ ಫೈಂಡರ್ ಬಿಚ್ಚಿ ಮನೆಯಲ್ಲಿಡ್ರಿ, ಅದೂ ಒಂದು ಟೆಲಿಸ್ಕೋಪೇ. ಗುರಿ ಹಿಡಿಯೋದು ನೆರಳಿನಿಂದ: ನೆಲದ ಮೇಲೆ ಕೊಳವೆಯ ನೆರಳು ಎಲ್ಲಕ್ಕಿಂತ ಸಣ್ಣ ಆದಾಗ ಸೂರ್ಯ ಒಳಗೆ ಬಂದಾನ. ಟೋಪಿ ತೆಗೆಯೋ ಮೊದಲು ಕೊಳವೆ ಸೂರ್ಯನಿಂದ ತಿರುಗಿಸ್ರಿ. ಒಬ್ಬರ ಕೈ ಸದಾ ಕೊಳವೆ ಮೇಲೆ ಇರಬೇಕು, ನೀರು ಕುಡಿಯೋಕೂ ಬಿಟ್ಟು ಹೋಗಬಾರದು. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾತ್ರ, ಅದನ್ನ ಹಾಕ್ಕೊಂಡು ಐಪೀಸಿಗೆ ಕಣ್ಣಿಡಬಾರದು.

ಫಿಲ್ಮ್ ಸಿಗಲಿಲ್ಲ ಅಂದ್ರೆ ಸೂರ್ಯನನ್ನ ತೋರಿಸಬ್ಯಾಡ್ರಿ, ನೆರಳು ತೋರಿಸ್ರಿ. ಕಲಬುರಗಿ ಸೀಮೆಯಲ್ಲಿ ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರ ಸೂರ್ಯ ನೆತ್ತಿ ಮೇಲೆ ಬರ್ತಾನೆ. ಮೇದಲ್ಲಿ ಮಧ್ಯಾಹ್ನ ಸುಮಾರು 12:20ಕ್ಕೆ ನೆಟ್ಟಗೆ ನಿಲ್ಲಿಸಿದ ಡಬ್ಬಿಯ ನೆರಳು ಅದರ ಬುಡದಲ್ಲೇ ಅಡಗ್ತದ. ಆ ಬಿಸಿಲಿಗೆ ಪೆಂಡಾಲ್, ಕುಡಿಯೋ ನೀರು ಮಾತ್ರ ತಪ್ಪಿಸಬ್ಯಾಡ್ರಿ.

ಆಳಂದ: ಇಷ್ಟೆಲ್ಲಾ ಯಾಕ? ಅರಿಶಿಣ ನೀರಿನ ಪರಾತಾದಾಗ ನೋಡ್ರಿ, ಏನೂ ಆಗಂಗಿಲ್ಲ ಅಂತ ಬಂದದ. ಸಗಣಿ ನೀರೂ ನಡೀತದಂತ. ಫಾರ್ವರ್ಡ್ ಮಾಡೀನಿ.

ತಜ್ಞರು: ಡಿಲೀಟ್ ಮಾಡ್ರಿ. ಸೂರ್ಯ ಮೇಲಿದ್ದಾಗ ನೀರು ನೂರಕ್ಕೆ ಎರಡು ಪಾಲು ಬೆಳಕು ತಿರುಗಿಸಿ ಕಣ್ಣಿಗೆ ಕಳಿಸ್ತದ. ಫಿಲ್ಮ್ ಬಿಡೋದರ 2000 ಪಟ್ಟು ಅದು. ಬೆಳಕು ಮೇಲಿನ ಪದರದಿಂದಲೇ ತಿರುಗ್ತದ, ಕೆಳಗೆ ಅರಿಶಿಣ ಇರಲಿ, ಸಗಣಿ ಇರಲಿ, ವ್ಯತ್ಯಾಸ ಇಲ್ಲ.

ಆಳಂದ: ಹಿರಿಯರು ಹಂಗೇ ನೋಡ್ಯಾರಲ್ಲ. ಮತ್ತ ಎಕ್ಸ್‌ರೇ ಹಾಳಿ?

ತಜ್ಞರು: ಬ್ಯಾಡ. ಎಕ್ಸ್‌ರೇ, ಸಿಡಿ, ಮಸಿ ಹಿಡಿದ ಗಾಜು, ವೆಲ್ಡಿಂಗಿನ ಯಾವುದೋ ಗಾಜು, ಯಾವುದೂ ಬ್ಯಾಡ. ಕಣ್ಣಿಗೆ ಕಪ್ಪಾಗಿ ಕಂಡರೂ ಕಾಣದ ಶಾಖದ ಕಿರಣ ದಾಟ್ತದ. ಇದು ಮಕ್ಕಳ ಕಣ್ಣಿನ ಮಾತು, ಇನ್ನೊಂದು ಫಾರ್ವರ್ಡ್ ಹಾಕಬ್ಯಾಡ್ರಿ.

ಬೀದರ್ ಹಿರಿಯ ಸದಸ್ಯ: ಬ್ಯಾರೆ ಮಾತು. ನಮ್ಮಲ್ಲಿ ದೊಡ್ಡ ಟೆಲಿಸ್ಕೋಪ್ ಒಬ್ಬ ಸದಸ್ಯರ ಸ್ವಂತದ್ದು. ಕಾರ್ಯಕ್ರಮದ ದಿನಾನೂ ಅದಕ್ಕ ಕ್ಯಾಮೆರಾ ಹಚ್ಚಿ ಫೋಟೊ ತೆಗೀತಾರ, ಬಂದ ಮಂದಿ ಬರೀ ನೋಡ್ತಾ ನಿಲ್ತಾರ.

ಬೀದರ್ ಫೋಟೊ ಸದಸ್ಯ: ಅಣ್ಣಾ, ಹೆಸರೊಂದು ಹೇಳಿಲ್ಲ ಅಷ್ಟೇ. ರೊಕ್ಕ ನಂದು, ಟೆಲಿಸ್ಕೋಪ್ ನಂದು. ಕತ್ತಲಿ ಸಿಗೋದೇ ಅಮಾವಾಸ್ಯಿ ಆಸುಪಾಸು. ಸದಸ್ಯರಿಗೆ ಏನೂ ಇಲ್ಲೇನು?

ಬೀದರ್ ಹಿರಿಯ ಸದಸ್ಯ: ಹಂಗಿದ್ರ ಬ್ಯಾರೆ ಹೊಲಕ್ಕ ಹೋಗಿ ತಗೋರಿ. ಪೋಸ್ಟರ್ ಮ್ಯಾಲ ನಿಮ್ಮ ಟೆಲಿಸ್ಕೋಪಿನ ಚಿತ್ರ ಹಾಕಿ ಟಿಕೆಟ್ ಮಾರೀವಿ.

ಬೀದರ್ ಫೋಟೊ ಸದಸ್ಯ: ನನ್ನ ಕೇಳಿ ಹಾಕಿದ್ರೇನು?

ಶಹಾಪುರ: ಇಬ್ಬರೂ ಖಾಸಗಿ ಮಾತಾಡ್ರಿ.

ತಜ್ಞರು: ಪೋಸ್ಟರ್ ಮೇಲೆ ಹಾಕಿದ್ದು ಮಂದಿಗೆ ತೋರಿಸಲೇಬೇಕು, ಇಲ್ಲಾಂದ್ರೆ ಹಾಕಬಾರದು. ಹಾಕೋ ಮೊದಲು ಒಡೆಯನ್ನ ಕೇಳಬೇಕಿತ್ತು, ಅದು ಕ್ಲಬ್ಬಿನ ತಪ್ಪು. ಕ್ಯಾಮೆರಾ 9:30ರ ಮೇಲೆ ಹಚ್ಚಲಿ.

ಚಿಂಚೋಳಿ: ಹಳ್ಳಿ ಮಂದಿಗೆ ಏನ್ ಹೇಳಬೇಕ್ರಿ? ನಮ್ಮ ಹುಡುಗರು ನೆಬ್ಯುಲಾ, ಗೆಲಾಕ್ಸಿ ಅಂತಾರ, ಅವರು ತಲಿ ಆಡಿಸಿ ಹೋಗ್ತಾರ.

ತಜ್ಞರು: ಛಲೋ ಕೇಳಿದ್ರಿ. ಅವರಿಗೆ ಮೃಗಶಿರಾ ಮಳೆ, ಆರಿದ್ರಾ ಮಳೆ ಗೊತ್ತದ. ಚಳಿಗಾಲದ ರಾತ್ರಿ ಆರಿದ್ರಾ ನಕ್ಷತ್ರಾನೇ ತೋರಿಸ್ರಿ, ಕೆಂಪಗೆ ಹೊಳೀತದ. ಜೂನ್ ಕೊನೆಗೆ ಸೂರ್ಯ ಅದರ ದಿಕ್ಕಿಗೆ ಬರ್ತಾನೆ, ಆ ಮಳೆಗೆ ಆ ಹೆಸರು ಅದಕ್ಕೇ, ಆವಾಗ ರಾತ್ರಿ ಅದು ಕಾಣದೇ ಇರೋದೂ ಅದಕ್ಕೇ ಅಂತ ಹೇಳ್ರಿ. ನಿಂತು ಕೇಳ್ತಾರ. ಉರ್ದು, ಮರಾಠಿ, ತೆಲುಗು ಬರೋ ಒಬ್ಬೊಬ್ಬರನ್ನ ಪಾಳಿಯಲ್ಲಿ ಇಡ್ರಿ.

ಸುರಪುರ: ಮದ್ರಾಸ್ ಐ ಇದ್ದವರು ಬಂದ್ರ?

ತಜ್ಞರು: ಐಪೀಸಿಗೆ ಬಿಡಬ್ಯಾಡ್ರಿ, ರೊಕ್ಕ ವಾಪಸ್ ಕೊಡ್ರಿ. ಉಳಿದವರಿಗೂ ಆಗಾಗ ರಬ್ಬರ್ ಬಟ್ಟಲು ಸ್ಪಿರಿಟ್ ಹತ್ತಿಯಿಂದ ಒರೆಸ್ರಿ. ಗಾಜಿಗೆ ತಾಗಬಾರದು.

ಜೇವರ್ಗಿ: ಸರ, ಮೋಡ ಬಂದ್ರ ಟಿಕೆಟ್ ರೊಕ್ಕ?

ತಜ್ಞರು: ಮೇಲೆ ಓದ್ರಿ.

ಚಿತ್ತಾಪುರ: ಮೊಬೈಲಿನಾಗ ಚಂದ್ರನ ಫೋಟೊ ತಗೋಳಾಕ ಬಿಡಬೇಕೇನ್ರಿ?

ತಜ್ಞರು: ಎಲ್ಲರ ಪಾಳಿ ಮುಗಿದ ಮೇಲೆ.

ಅಫಜಲಪುರ: ಮೋಡ ಇದ್ರ ಅರ್ಧ ರೊಕ್ಕ ಕೊಟ್ರ ನಡೀತದಲ್ರಿ? ಪೆಂಡಾಲ್ ಖರ್ಚು ಆಗಿರ್ತದ.

ತಜ್ಞರು: ಮೂರನೇ ಸಲ. ಪೂರ್ತಿ ಕೊಡ್ರಿ. ಪೆಂಡಾಲ್ ನೋಡೋಕೆ ಅವರು ಬಂದಿಲ್ಲ.

ಯಾದಗಿರಿ: ಕೋಟಿ ಪರವಾನಗಿದು ಯಾರಾರ ಹೇಳ್ರಿ.

ಆಳಂದ: ತಜ್ಞರಂತ ಹಿಂಗ ಸಿಟ್ಟು ಮಾಡಿದ್ರ ಕೇಳೋರು ಯಾರು? ಅರಿಶಿಣದ್ದು ಒಂದು ಮಾತು ಹೇಳಿದೆ ಅಷ್ಟೇ.

ಶಹಾಪುರ: ನಿಮ್ಮ ಫಾರ್ವರ್ಡ್ ಇನ್ನೂ ಹಂಗೇ ಅದ. ತೆಗೀರಿ ಮೊದಲು.

ಸೇಡಂ ಶಿಕ್ಷಕಿ: ಸರ, ಕಪ್ಪು ಗಾಜು ಒಡದು ಹಾಕಿದೆ. ನಮ್ಮ ಗಣಿತ ಮಾಸ್ತರ ಹತ್ತರ ಹಳೇ ಸೋಲಾರ್ ಫಿಲ್ಮ್ ಇತ್ತು, ಟೋಪಿ ಮಾಡೀನಿ. ಫೋಟೊ ಹಾಕೀನಿ ನೋಡ್ರಿ.

ತಜ್ಞರು: ಟೋಪಿ ಛಲೋ ಕೂತದ ಅಕ್ಕೋರ. ನಡುವಿನ ಸುಕ್ಕಿಗೆ ಹೆದರಬ್ಯಾಡ್ರಿ. ಎಡ ಅಂಚಿಗೆ ಒಂದು ಬಿಳಿ ಗೆರೆ ಕಾಣ್ತದ, ಅದು ಗೀರು. ಕತ್ತಲೆ ಕೋಣೆಯಲ್ಲಿ ಬಲ್ಬಿನ ಎದುರು ಹಿಡೀರಿ. ಅಲ್ಲಿ ಸೂಜಿಮೊನೆಯಷ್ಟು ಬೆಳಕು ಬಂದರೂ ಆ ಹಾಳಿ ಬ್ಯಾಡ, ಹೊಸದು ತರಿಸ್ರಿ.

ಸೇಡಂ ಶಿಕ್ಷಕಿ: ಹಿಡದು ನೋಡಿದೆ ಸರ. ಎರಡು ಕಡೆ ಬರಲತ್ತದ. ಹೊಸದು ಬರೋತನಕ ಕಾರ್ಯಕ್ರಮ ಮುಂದ ಹಾಕ್ತೀವಿ, ಟಿಕೆಟ್ ತಗೊಂಡವರ ಮನಿಗೆ ಇವತ್ತೇ ಹೇಳಿ ಕಳಿಸ್ತೀನಿ.